ಹೊಲಿಗೆ ಡ್ರಾದಲ್ಲಿ ಪಾನಾಗಳು

ನಮ್ಮ ಮನೆಯಲ್ಲಿ ಕಾರಿನ ಪಾನಾಗಳು ಇರುವುದು ನನ್ನ ಹೊಲಿಗೆ ಮೆಷಿನ್ನಿನ ಡ್ರಾದಲ್ಲಿ. ಮೊನ್ನೆ ರವಿಕೆಯ ಅಳತೆ ಕೊಡಲು ಬಂದ ಹೆಣ್ಣುಮಗಳೊಬ್ಬಳು, ನಾನು ಒಲೆ ಆರಿಸಲೆಂದು ಒಳಗೆ ಹೋದಾಗ, ಟೇಪು ಹುಡುಕುತ್ತಾ ಡ್ರಾ ಎಳೆದಿದ್ದಾಳೆ. ಬಾಬಿನ್ನು, ಗುಂಡಿ, ಸೀಮೆಸುಣ್ಣದ ಚೂರುಗಳ ನಡುವೆ ಆರಾಮಾಗಿ ಮಲಗಿದ್ದ ಕಬ್ಬಿಣದ ಪಾನಾ ಒಂದನ್ನು ಎತ್ತಿ ಹಿಡಿದು, "ಇದ್ರಾಗ ಏನ್ ಹೊಲೀತೀರಿ ಅಕ್ಕಾ?" ಎಂದು ಕೇಳಿದಳು. ನಕ್ಕು, ಟೇಪು ಹುಡುಕಿ ಅವಳ ಅಳತೆ ತೆಗೆದುಕೊಂಡೆ. ನಿಂತ ಕಾಲಲ್ಲಿ ಹೇಳುವ ಸಂಗತಿ ಅದಲ್ಲ. ನೀವು ಹೇಗೂ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಸ್ಪ್ಯಾನರಿಗೆ ರಾಯದುರ್ಗದಲ್ಲಿ ಪಾನಾ ಎನ್ನುತ್ತಾರೆ. ನನ್ನ ತವರು ಮಡಕಶಿರ, ಅಲ್ಲಿ ಅದು ಸ್ಪಾನರ್ರು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮನೆಯವರು ಸ್ಕೂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ತಲೆಯೆತ್ತದೆ ಕೈಯೊಂದನ್ನೇ ಚಾಚಿ "ಪಾನಾ ಕೊಡು" ಎಂದಾಗ, ಎಲೆ ಅಡಿಕೆ ತಟ್ಟೆಯನ್ನು ತಂದು ಭಕ್ತಿಯಿಂದ ಪಕ್ಕದಲ್ಲಿಟ್ಟವಳು ನಾನು. ಅವರು ಬೈಯಲಿಲ್ಲ. ಒಂದು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು, ತಾವೇ ಎದ್ದು ಹೋಗಿ ಪಾನಾ ತಂದುಕೊಂಡರು.

ಬಜಾರಿನಲ್ಲಿ ಅವರದು ದಾರದ ಅಂಗಡಿ. ಊರಿನ ಟೈಲರುಗಳಿಗೆಲ್ಲ ದಾರ, ಗುಂಡಿ, ಜಿಪ್ಪು ಮಾರುವ ಆ ಮನುಷ್ಯನ ಜೀವ ಇದ್ದದ್ದು ಮಾತ್ರ ಮನೆ ಮುಂದಿನ ಬೇವಿನ ಮರದಡಿ, ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡು ತಂದ ಒಂದು ಪುಟ್ಟ ಬಿಳಿ ಕಾರಿನಲ್ಲಿ. ಭಾನುವಾರ ಬಂತೆಂದರೆ ಹಳೇ ಲುಂಗಿ ಸುತ್ತಿಕೊಂಡು ಬಾನೆಟ್ ಎತ್ತುತ್ತಿದ್ದರು. ಗ್ಯಾರೇಜಿಗೆ ಬಿಡುವುದೆಂದರೆ ಮನೆಯ ಮಗುವನ್ನು ಹಾಸ್ಟೆಲಿಗೆ ಬಿಟ್ಟಷ್ಟು ಸಂಕಟ ಅವರಿಗೆ. ಕೆಲವು ಗಂಡಸರು ಗೆಳೆಯರ ಹತ್ತಿರ ಮನಸ್ಸು ಬಿಚ್ಚುತ್ತಾರೆ. ಇವರು ಕಾರು ಬಿಚ್ಚುತ್ತಿದ್ದರು, ಬಿಚ್ಚಿದ್ದನ್ನು ಮತ್ತೆ ಜೋಡಿಸಿ ಕೀ ತಿರುಗಿಸಿದಾಗ ಬರುತ್ತಿದ್ದ ಆ ಗುರುಗುಟ್ಟುವಿಕೆಯಲ್ಲಿ ವಾರದ ದಣಿವನ್ನೆಲ್ಲ ಕಳೆದುಕೊಂಡು ನಗುನಗುತ್ತಾ ಸ್ನಾನಕ್ಕೆ ಹೋಗುತ್ತಿದ್ದರು.

ಅವರ ಕೈ ನಡುಗಲು ಶುರುವಾದದ್ದು ಯಾವಾಗ ಎಂದು ಸರಿಯಾಗಿ ಹೇಳಲಾರೆ. ನನಗೆ ಗೊತ್ತಾದದ್ದು ಒಂದು ಸಣ್ಣ ಸದ್ದಿನಿಂದ. ಬೇವಿನಡಿ ನಟ್ಟೊಂದು ಕೈಜಾರಿ ಇಂಜಿನ್ನಿನ ಸಂದಿಯಲ್ಲಿ ಟಿಣ್ ಟಿಣ್ ಎನ್ನುತ್ತಾ ಇಳಿದು ಹೋಯಿತು. ಹುಡುಕಿ ತೆಗೆದರು. ಮತ್ತೆ ಬಿತ್ತು. ಬಳಿಕ ಬಹಳ ಹೊತ್ತು ಏನೂ ಸದ್ದಿಲ್ಲ. ಹೊರಗೆ ಬಂದು ನೋಡಿದರೆ ಬಾನೆಟ್ಟನ್ನು ಮೆಲ್ಲಗೆ, ಮಲಗಿದವರ ಮೇಲೆ ಹೊದಿಕೆ ಎಳೆಯುವ ಹಾಗೆ, ಇಳಿಸುತ್ತಿದ್ದರು. ಬಳ್ಳಾರಿಯ ಡಾಕ್ಟರು ಮಾತ್ರೆ ಕೊಟ್ಟರು, ನಡುಕ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದರು. ಅಂಗಡಿಯನ್ನು ಮೈದುನ ನೋಡಿಕೊಳ್ಳತೊಡಗಿದ. ಕಾರಿಗೆ ಕವರು ಬಿತ್ತು. ಒಂದು ಮದುವೆ ಊಟದಲ್ಲಿ ಪಾಯಸದ ಲೋಟ ಅಂಗಿಯ ಮೇಲೆಲ್ಲ ಚೆಲ್ಲಿ, ಎದುರು ಪಂಕ್ತಿಯವರು "ಅಯ್ಯೋ ಪಾಪ" ಎಂದ ಮೇಲೆ, ಇವರು ನಾಲ್ಕು ಜನ ಸೇರುವ ಕಡೆಗೆ ಹೋಗುವುದನ್ನೇ ಬಿಟ್ಟರು. ಕೈ ನಡುಗಿದ್ದಕ್ಕಿಂತ, ಆ ಕೈಗಳನ್ನು ಅವರು ಜನರ ಕಣ್ಣಿಂದ ಬಚ್ಚಿಡುವುದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಹೀಗಿರುವಾಗ ಮಡಕಶಿರದಿಂದ ತಂಗಿಯ ಫೋನು: ಮಗಳ ಸೀಮಂತ, ಇಬ್ಬರೂ ಬರಲೇಬೇಕು.

"ನೀ ಹೋಗಿ ಬಾ, ನಾ ಒಲ್ಲೆ," ಎಂದರು.

"ಬಸ್ಸು ಬ್ಯಾಡ. ಕಾರಿನಾಗ ಹೋಗೋಣ. ನಾನು ಓಡಿಸ್ತೀನಿ." ಅವರ ಕಣ್ಣಿನ ಆಪರೇಷನ್ ಆದ ವರ್ಷ ಅವರೇ ಹಟ ಹಿಡಿದು ನನಗೆ ಡ್ರೈವಿಂಗ್ ಕಲಿಸಿದ್ದರು.

"ಅದು ಸತ್ತು ಕುಂತೈತಿ."

"ಎಬ್ಬಿಸೋಣ. ನೀವು ಹೇಳ್ರಿ, ನಾನು ಮಾಡ್ತೀನಿ."

ಮರುದಿನ ಬೆಳಿಗ್ಗೆ ನಾನೇ ಕವರು ಎಳೆದು, ಧೂಳು ಕೊಡವಿ, ಬಾನೆಟ್ ಎತ್ತಿದೆ. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಚಾರ್ಜ್ ಮಾಡಿಸಿ ತಂದ ಬ್ಯಾಟರಿ ಕೂರಿಸಿದ್ದಾಯಿತು, ಇಂಜಿನ್ ಕೆಮ್ಮಿತೇ ಹೊರತು ಹೊತ್ತಿಕೊಳ್ಳಲಿಲ್ಲ. "ಪ್ಲಗ್ ನೋಡು," ಎಂದರು ಬಾಗಿಲಿಂದಲೇ. ಬಿಚ್ಚಿದರೆ ಮೂರೂ ಪ್ಲಗ್ಗುಗಳು ಮಸಿಬಟ್ಟೆಯ ಬಣ್ಣ. ಹೊಸವನ್ನು ತಂದು, ಮೊದಲನೆಯದನ್ನು ಅದರ ಕುಳಿಯಲ್ಲಿಟ್ಟು ಪಾನಾ ಹಾಕಿ ತಿರುಗಿಸಹೊರಟೆನೋ ಇಲ್ಲವೋ, ಅವರು ಕೂಗಿಬಿಟ್ಟರು: "ಏ, ಬಿಡು ಬಿಡು! ಥ್ರೆಡ್ ಹಾಳಾತು ಅಂದ್ರ ಇಂಜಿನ್ನೇ ಹೋತು!"

ನಾನು ಪಾನಾವನ್ನು ಕೆಳಗಿಟ್ಟೆ. "ಕೂಗಿದ್ರೆ ನನಗೆ ಬರಲ್ಲ. ಹೆಂಗೆ ಅಂತ ಹೇಳ್ರಿ," ಎಂದೆ. ಸಿಟ್ಟು ಬಂದಾಗ ನನ್ನ ಬಾಯಲ್ಲಿ ಮಡಕಶಿರವೇ ಬರುವುದು.

ಅವರು ಮೆಟ್ಟಿಲಿಳಿದು ಬಂದರು. ಅಭ್ಯಾಸಬಲದಿಂದ ಕೈ ಮುಂದೆ ಬಂತು, ಪ್ಲಗ್ಗನ್ನು ಹಿಡಿಯಿತು. ಹಿಡಿದ ಪ್ಲಗ್ಗು ಕುಳಿಯ ಅಂಚಿಗೆ ಟಕಟಕ ಟಕಟಕ ಬಡಿಯತೊಡಗಿತು. ನಾನು ಬೇವಿನ ಎಲೆಗಳ ಕಡೆಗೆ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಪ್ಲಗ್ಗನ್ನು ನನ್ನ ಅಂಗೈಯಲ್ಲಿಟ್ಟು, ಅಂಗಡಿಯಲ್ಲಿ ಗಿರಾಕಿಗೆ ಬಣ್ಣ ಹೊಂದಿಸಿ ಕೊಡುವಾಗಿನ ತಣ್ಣನೆಯ ದನಿಯಲ್ಲಿ ಹೇಳಿದರು:

"ಪಾನಾ ಆಮ್ಯಾಲೆ. ಮೊದ್ಲು ಬೆರಳು. ಕಣ್ ಮುಚ್ಚು. ಎಡಕ್ಕ ತಿರುಗಿಸು, ಮೆಲ್ಲಕ. ಒಂದು ಕಡಿ ಟಕ್ ಅಂತ ಕುಂದರ್ತೈತಿ. ಕುಂತ ಮ್ಯಾಲೆ ಬಲಕ್ಕ."

ಕಣ್ಣು ಮುಚ್ಚಿದೆ. ಬಿಗಿ ಮಾಡಬೇಕಾದದ್ದನ್ನು ಮೊದಲು ಸಡಿಲ ಮಾಡುವ ದಿಕ್ಕಿಗೆ ತಿರುಗಿಸುವುದು ವಿಚಿತ್ರವೆನಿಸಿತು. ಆದರೆ ತಿರುಗಿಸುತ್ತಾ ಹೋದಂತೆ, ಸೂಜಿಯ ಕಣ್ಣಿಗೆ ದಾರ ಸಿಕ್ಕಾಗ ಬೆರಳಿಗೆ ಮಾತ್ರ ತಿಳಿಯುತ್ತದಲ್ಲ, ಅಷ್ಟೇ ನವಿರಾಗಿ ಏನೋ ಒಂದು ತನ್ನ ಜಾಗದಲ್ಲಿ ಕೂತಿತು. ಬಲಕ್ಕೆ ತಿರುಗಿಸಿದೆ, ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ದಾರಕ್ಕೂ ಥ್ರೆಡ್ಡು, ಕಬ್ಬಿಣದೊಳಗಿನ ಸುರುಳಿಗೂ ಥ್ರೆಡ್ಡು ಎಂದು ಏಕೆನ್ನುತ್ತಾರೋ ಅಂದು ತಿಳಿಯಿತು. ಒಬ್ಬರು ದಾರ ಮಾರಿ, ಇನ್ನೊಬ್ಬರು ಅದರಲ್ಲಿ ಹೊಲಿದು, ಇಷ್ಟು ವರ್ಷ ನಾವಿಬ್ಬರೂ ಒಂದೇ ಕಸುಬಿನವರಾಗಿದ್ದೆವು.

ಮೂರನೆಯ ಪ್ಲಗ್ಗೂ ಕೂತ ಮೇಲೆ ಕೀ ತಿರುಗಿಸಿದೆ. ಒಂದಿಷ್ಟು ಕಪ್ಪು ಹೊಗೆ ಉಗುಳಿ ಕಾರು ಎದ್ದಿತು. ಅವರು ಬಾನೆಟ್ಟಿನ ಮೇಲೆ ಅಂಗೈಯೂರಿ ನಿಂತರು. ಇಂಜಿನ್ನಿನ ನಡುಕದ ಮೇಲಿಟ್ಟ ಆ ಕೈ ನಡುಗುತ್ತಿದೆಯೋ ಇಲ್ಲವೋ ಯಾರಿಗೂ ಹೇಳಲು ಆಗುತ್ತಿರಲಿಲ್ಲ.

ಕಲಿಸುವುದು ದೊಡ್ಡ ಗುಣ, ನಿಜ. ಆದರೆ ತನ್ನ ಕೈ ಗಟ್ಟಿಯಿರುವಾಗ ಕಲಿಸುವುದು ಬೇರೆ. ತಾನು ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಇನ್ನೊಬ್ಬರ ಕೈ ತಡವರಿಸುತ್ತಾ, ತಪ್ಪುತ್ತಾ ಮಾಡುವುದನ್ನು ಪಕ್ಕದಲ್ಲೇ ನಿಂತು ಸಹಿಸುವುದು ಬೇರೆ. ನನ್ನ ಅಂಗೈಯಲ್ಲಿ ಪ್ಲಗ್ಗು ಇಟ್ಟಾಗ ಅವರು ಕೊಟ್ಟದ್ದು ಎಷ್ಟೆಂದು ನನಗೆ ಗೊತ್ತು. ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಇಲ್ಲ. ಆದ್ದರಿಂದ ಇಲ್ಲಿ, ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಸೀಮಂತದ ಹೊತ್ತಿಗೆ ಆಯಿಲ್ ಬದಲಿಸಿದ್ದೆ, ಬಿರುಕು ಬಿಟ್ಟಿದ್ದ ನೀರಿನ ಹೋಸ್ ಪೈಪು ಹೊಸದಾಗಿತ್ತು, ಟೈರುಗಳಿಗೆ ಗಾಳಿ ತುಂಬಿತ್ತು. ರಿಪೇರಿ ಸಾಮಾನಿನ ಪೆಟ್ಟಿಗೆ ನನಗೆ ಎತ್ತಲಾಗದಷ್ಟು ಭಾರವೆಂದು, ಮೇಲಿಂದ ಮೇಲೆ ಬೇಕಾಗುವ ಪಾನಾಗಳನ್ನು ಆರಿಸಿ ನನ್ನ ಡ್ರಾಕ್ಕೆ ಹಾಕಿದವರು ಅವರೇ. ಅವರು ಬರುತ್ತೇನೆ ಎಂದು ಹೇಳಲಿಲ್ಲ. ಹೊರಡುವ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು, ಅಷ್ಟೇ. ಕೈಗಳೆರಡೂ ಟವೆಲ್ಲಿನಡಿ.

ಹಿರಿಯೂರಿನ ಕಡೆಯಿಂದ ಸುತ್ತಿಕೊಂಡು ಹೋದೆವು. ಅಮರಾಪುರ ಇನ್ನೇನು ಬಂತು ಎನ್ನುವಾಗ ದಾರಿಬದಿಯಲ್ಲಿ ಒಂದು ಕಾರು ಬಾಯ್ತೆರೆದು ನಿಂತಿತ್ತು. ಹುಣಸೇಮರದಡಿ ಒಬ್ಬಾಕೆ ಮಗುವಿಗೆ ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಆಕೆಯ ಗಂಡ ನಮ್ಮ ಕಾರಿಗೆ ಕೈ ಅಡ್ಡ ಮಾಡಿದ. ನಾನು ನಿಲ್ಲಿಸುತ್ತಿದ್ದಂತೆ ಇವರ ಕಿಟಕಿಗೆ ಬಗ್ಗಿದ.

"ಬ್ಯಾಟ್ರಿ ಹೊಸದೇ ಸಾರ್. ಕೀ ತಿರುಗ್ಸಿದ್ರೆ ಟಿಕ್ ಟಿಕ್ ಅಂತೈತೆ, ಅಷ್ಟೇಯ. ಒಂಚೂರು ನೋಡ್ತೀರಾ?"

ಇವರು ಇಳಿದರು. ಟವೆಲ್ಲು ಸೀಟಿನಲ್ಲೇ ಉಳಿಯಿತು. ಬಿಸಿಲಲ್ಲಿ, ಅಪರಿಚಿತನೊಬ್ಬನ ಎದುರು, ನಡುಗುವ ಬೆರಳನ್ನು ಎತ್ತಿ ಬ್ಯಾಟರಿಯ ತುದಿಯಲ್ಲಿ ಕಟ್ಟಿದ್ದ ಬಿಳಿಯ ಕಿಲುಬನ್ನು ತೋರಿಸಿದರು. ಆತ ಒಮ್ಮೆ ಆ ಕೈಯನ್ನೂ ಒಮ್ಮೆ ಅವರ ಮುಖವನ್ನೂ ನೋಡಿದ.

"ನಂದು ಬಾಯಿ ಅಷ್ಟ ರೀ," ಎಂದರು ಇವರು, ಏನೂ ಅಲ್ಲದ ಸಂಗತಿ ಹೇಳುವವರ ಹಾಗೆ. "ಕೈ ಇವರದು."

ಇಷ್ಟು ವರ್ಷ ಯಾರ ಮುಂದಾದರೂ ನನ್ನನ್ನು ಏಕವಚನದಲ್ಲಿ "ಅಕಿ" ಎಂದೇ ಹೇಳಿದವರು ಅವರು. ನಾನು ಏನೂ ಕೇಳಿಸದವಳಂತೆ ಸೆರಗು ಸಿಕ್ಕಿಸಿ, ಜೊತೆಗೆ ತಂದಿದ್ದ ಉಪ್ಪುಕಾಗದದಿಂದ ಕಿಲುಬು ಉಜ್ಜಿ, ಸಡಿಲಾಗಿದ್ದ ನಟ್ಟನ್ನು ಪಾನಾದಿಂದ ಬಿಗಿ ಮಾಡಿದೆ. ಆತನ ಕಾರು ಒಂದೇ ಸಲಕ್ಕೆ ಎದ್ದಿತು. ನಾವು ಬೇಡಬೇಡವೆಂದರೂ ಆತನ ಹೆಂಡತಿ ಕೇಳದೆ ಬೇಯಿಸಿದ ಕಡ್ಲೆಕಾಯಿಯ ಚೀಲವನ್ನು ನಮ್ಮ ಹಿಂದಿನ ಸೀಟಿನಲ್ಲಿಟ್ಟಳು.

ಮತ್ತೆ ಹೊರಟೆವು. ಅಮರಾಪುರದ ಮನೆಗಳು ಹಿಂದಾದವು. ಇವರು ತಲೆ ವಾರೆ ಮಾಡಿ ಏನನ್ನೋ ಆಲಿಸುತ್ತಿದ್ದರು.

"ಬ್ರೇಕ್ ಒತ್ತಿದ್ರ ಗಾಡಿ ಎಡಕ್ಕ ಎಳೀತೈತಿ ಸ್ವಲ್ಪ. ಗೊತ್ತಾತಾ?"

"ಇಲ್ರಿ."

"ನನಗ ಗೊತ್ತಾಗ್ತೈತಿ. ಮೆಲ್ಲಕ ಹೋಗು. ಊರಿಗೆ ಹೋದ ಮ್ಯಾಲೆ ಭಾನುವಾರ ಬಿಚ್ಚಿ ನೋಡೋಣು."

ಕಾರು ಕೆಟ್ಟಿದೆ ಎಂಬ ಮಾತು ಕಿವಿಗೆ ಅಷ್ಟು ಹಿತವಾದದ್ದು ಅದೇ ಮೊದಲು. "ನೋಡೋಣ್ರಿ," ಎಂದು, ಮಡಕಶಿರದ ದಾರಿಯಲ್ಲಿ ಮೆಲ್ಲಗೆ ಓಡಿಸಿದೆ.