ಕಟ್ಟಡಕ್ಕೊಂದು ಟ್ರಯಲ್

ಆ ಊರಿನಲ್ಲಿ ಜನ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಬೆಳಗಾದರೆ ಅರ್ಧ ಊರು ಬೆಟ್ಟ ಹತ್ತುತ್ತಿತ್ತು, ಇನ್ನರ್ಧ ಸೈಕಲ್ಲೇರಿ ಕಾಡಿನ ದಾರಿ ಹಿಡಿಯುತ್ತಿತ್ತು, ಲೆಕ್ಕಕ್ಕೆ ಸಿಗದೆ ಮಿಕ್ಕವರು ರಬ್ಬರ್ ದೋಣಿ ಹೊತ್ತು ಹೊಳೆಗಿಳಿಯುತ್ತಿದ್ದರು. ಸಂಜೆ ಎಲ್ಲರೂ ಏನಾದರೊಂದು ಹರಿದುಕೊಂಡೇ ವಾಪಸಾಗುತ್ತಿದ್ದರು. ಆ ಹರಿದದ್ದೆಲ್ಲ ಬಂದು ಸೇರುತ್ತಿದ್ದುದು ಹೊಲಿಗೆ ಅಕ್ಕನ ಅಂಗಡಿಗೆ.

ಅಂಗಡಿಯೆಂದರೆ ಬೀದಿಯಿಂದ ಮೂರು ಮೆಟ್ಟಿಲು ಮೇಲಿದ್ದ ಒಂದೇ ಕೋಣೆ. ಕಿಟಕಿಯ ಪಕ್ಕ ದಪ್ಪ ಸೂಜಿಯ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಡೇರೆ, ಬೆನ್ನುಚೀಲ, ಜಾಕೆಟ್ಟುಗಳ ಗುಡ್ಡೆ. ಅಕ್ಕನಿಗೆ ಐವತ್ತಮೂರು. ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು, ತೊಟ್ಟವನ ಕಸುಬು ಹೇಳಿಬಿಡುತ್ತಿದ್ದಳು. ಸೈಕಲ್ಲಿನವರದು ಕೂರುವ ಜಾಗದಲ್ಲಿ ಸವೆದಿರುತ್ತದೆ, ಬಂಡೆ ಹತ್ತುವವರದು ಮಂಡಿಯಲ್ಲಿ ಹರಿದಿರುತ್ತದೆ. ಅವಳ ಗಂಡ ಇಪ್ಪತ್ತೆಂಟು ವರ್ಷದಿಂದ ಜನರನ್ನು ಬೆಟ್ಟಕ್ಕೆ ಕರೆದೊಯ್ಯುವ ಗೈಡು. "ಇವರ ಪ್ಯಾಂಟು ಯಾವತ್ತೋ ಹೋಯ್ತು, ಈಗ ತೊಟ್ಕೊಂಡಿರೋದು ಬರೀ ನನ್ನ ತೇಪೆ" ಎಂದು ಅಕ್ಕ ಬಂದವರೆದುರು ಅವನ ಮಾನ ಕಳೆಯುತ್ತಿದ್ದಳು. ಅವನಿಗೆ ಅದರಲ್ಲೂ ಒಂದು ಹೆಮ್ಮೆ.

ಒಂದು ಬೆಳಗ್ಗೆ ಆ ಅಂಗಡಿಗೆ ಕಟ್ಟಡಗಳ ನಕ್ಷೆ ಮಾಡುವ ಹುಡುಗಿಯೊಬ್ಬಳು ಬಂದಳು. ಹೊಳೆಯ ದಂಡೆಯಲ್ಲಿ, ಆಡಿ ದಣಿದವರಿಗೆಂದು ಸ್ನಾನದ ಕೊಳವೂ ಯೋಗ ಮಾಡಲು ದೊಡ್ಡ ಹಾಲೂ ಇರುವ ವಿಶ್ರಾಂತಿ ಮನೆ ಏಳಲಿತ್ತು. ನಕ್ಷೆಯ ಹುಡುಗಿ ದೊಡ್ಡ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದಳು.

"ನೋಡಿ ಅಕ್ಕಾ, ಬಿಸಿನೀರಿನ ಕೊಳ ಇಲ್ಲಿ. ಯೋಗದ ಹಾಲು ಮಹಡಿ ಮೇಲೆ. ಅಲ್ಲಿಂದ ಬೆಟ್ಟ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ! ನೀವು ಕಿಟಕಿಗೆ ಪರದೆ, ಕೂರೋಕೆ ದಿಂಬು ಹೊಲಿದುಕೊಡಬೇಕು."

ಅಕ್ಕ ಕನ್ನಡಕ ಮೂಗಿಗಿಳಿಸಿ ಹಾಳೆಯ ಮೇಲೆ ಬಾಗಿದಳು. "ಮಹಡಿಗೆ ಎಷ್ಟು ಮೆಟ್ಟಿಲು?"

"ಇಪ್ಪತ್ತೆರಡು."

"ನೀರಿಗೆ ಇಳಿಯೋಕೆ?"

"ಎಂಟು."

"ಬರೋರು ಯಾರಮ್ಮ?"

"ಬೆಟ್ಟ ಇಳಿದು ಸುಸ್ತಾದವರು, ಕೈಕಾಲು ನೋವಿನವರು."

"ಸರಿ. ಅವರನ್ನ ಮಹಡಿಗೆ ಹೊತ್ಕೊಂಡು ಹೋಗೋರು ಯಾರು?"

ಹುಡುಗಿ ನಕ್ಕುಬಿಟ್ಟಳು. ಬಾಗಿಲ ಬಳಿ ಟೀ ಕುಡಿಯುತ್ತಿದ್ದ ಗಂಡ ಲೋಟ ಕೆಳಗಿಟ್ಟು ಎದ್ದ. ಬಾಗಿಲ ಚೌಕಟ್ಟು ಹಿಡಿದು, ಬೀದಿಗೆ ಬೆನ್ನು ಮಾಡಿ, ಮೂರೂ ಮೆಟ್ಟಿಲನ್ನು ಹಿಂದುಹಿಂದಕ್ಕೆ ಇಳಿದು ತೋರಿಸಿದ.

"ದೊಡ್ಡ ಬೆಟ್ಟ ಇಳಿದ ಮಾರನೇ ದಿನ ಈ ಊರಲ್ಲಿ ಎಲ್ಲರೂ ಹೀಗೇ ಇಳಿಯೋದು ತಾಯಿ. ನಂಬಿಕೆ ಬರದಿದ್ರೆ ನಾಳೆ ನನ್ನ ಜೊತೆ ಬಾ."

"ಬರ್ತೀನಿ ಭಾವ, ನನಗೇನು ಭಯ?" ಎಂದಳು ಹುಡುಗಿ.

ಹೋದಳು, ಹತ್ತಿದಳು, ಇಳಿದಳು. ಅದರ ಮಾರನೇ ದಿನ ಬೀದಿಯಿಂದ "ಅಕ್ಕಾ..." ಎಂಬ ಸಣ್ಣ ದನಿ ಕೇಳಿ ಹೊಲಿಗೆ ಅಕ್ಕ ಹೊರಗೆ ಬಂದು ನೋಡಿದರೆ, ಹುಡುಗಿ ಮೊದಲ ಮೆಟ್ಟಿಲ ಮುಂದೆ ನಿಂತಿದ್ದಾಳೆ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಕೈ ಕೊಡಿ ಅಕ್ಕ. ಈ ತೊಡೆಗಳು ನನ್ನವಲ್ಲ. ಬೆಳಗ್ಗೆ ಹಾಸಿಗೆಯಿಂದ ಎದ್ದಿದ್ದಲ್ಲ, ಉರುಳಿದ್ದು."

ಅಕ್ಕ ನಗು ತಡೆಯಲಾರದೆ ಅವಳನ್ನು ಒಳಗೆಳೆದುಕೊಂಡು ಡೇರೆಗಳ ಗುಡ್ಡೆಯ ಮೇಲೆ ಕೂರಿಸಿದಳು. ಹುಡುಗಿಯ ಮುಖ ಸಪ್ಪಗಾಗಿತ್ತು. "ನಕ್ಷೆ ಹರಿದು ಬಿಸಾಕ್ಲಾ?"

"ಹರಿಯೋಕೆ ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ನೀನು ಬೇರೆ ಬೇಡ" ಎಂದಳು ಅಕ್ಕ. "ಒಂದು ಜಾಕೆಟ್ ಹೊಲಿಯೋಕೇ ನಾನು ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಡೋರ ಮೈಮೇಲಿಟ್ಟು ನೋಡ್ತೀನಿ. ಇಷ್ಟು ಜನ ತೊಡೋ ಕಟ್ಟಡಕ್ಕೆ ಒಂದು ಟ್ರಯಲ್ ಬೇಡ್ವಾ?"

ಹುಡುಗಿ ತೊಡೆಯ ನೋವು ಮರೆತು ಎದ್ದು ನಿಂತಳು. ತಕ್ಷಣ "ಅಮ್ಮಾ" ಎಂದು ಕೂತಳು.

ಅಂದಿನಿಂದ ಹತ್ತು ದಿನ ಇಬ್ಬರಿಗೂ ಬೇರೆ ಪ್ರಪಂಚವೇ ಇರಲಿಲ್ಲ. ಯಾರೂ ವಾಪಸು ಒಯ್ಯದೆ ಬಿಟ್ಟುಹೋಗಿದ್ದ ಹಳೆಯ ಡೇರೆಗಳನ್ನೆಲ್ಲ ಬಿಚ್ಚಿ, ಕಟ್ಟಡದ ನೆಲವನ್ನೇ ಪೂರ್ತಿ ಅಳತೆಗೆ ಬಟ್ಟೆಯಲ್ಲಿ ಹೊಲಿದರು. ಹಾಲಿಗೆ ಹಸಿರು, ಕೊಳಕ್ಕೆ ನೀಲಿ, ಓಡಾಡುವ ಜಾಗಕ್ಕೆ ಹಳದಿ. ಬಟ್ಟೆಯೆಲ್ಲ ಅಂಗಡಿಯೊಳಗೆ ಹಿಡಿಯದೆ ಬಾಗಿಲು ದಾಟಿ ಬೀದಿಗಿಳಿಯಿತು. ಗಂಡ ಅದರ ತುದಿ ಹಿಡಿದು ಎದುರಿನ ರೊಟ್ಟಿ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಅಕ್ಕನಿಗೆ ಒಳಗೊಳಗೇ ಆಶ್ಚರ್ಯ. ಇಷ್ಟು ವರ್ಷ ಬೇರೆಯವರು ಹರಿದು ತಂದದ್ದನ್ನೇ ಸರಿಮಾಡಿದ ಕೈ ಇದು. ಈಗ ಇಲ್ಲದೇ ಇರುವ ಒಂದನ್ನು ಹೊಲಿಯುತ್ತಿದೆ! ಮಿಷನ್ನಿನ ಸದ್ದಿಗೂ ಅವಳಿಗೆ ಹಾಡು ಗುನುಗುವಂತಾಗುತ್ತಿತ್ತು.

ಭಾನುವಾರ ಆಟದ ಮೈದಾನದಲ್ಲಿ ಬಟ್ಟೆ ಹಾಸಿದರು. ಸುದ್ದಿ ಕೇಳಿ ಊರಿಗೆ ಊರೇ ಬಂತು. ಹಾಸಿದ್ದೇ ತಡ, ಗಾಳಿ ಬೀಸಿತು. "ಕೊಳ ಹಾರಿಹೋಗ್ತಿದೆ, ಹಿಡೀರೋ!" ಎಂದು ಯಾರೋ ಕೂಗಿದರು. ದೋಣಿಯವರು ನಾಲ್ವರು ಓಡಿ ನಾಲ್ಕು ಮೂಲೆಗೆ ಬಿದ್ದುಕೊಂಡರು. ಮಧ್ಯಾಹ್ನದವರೆಗೂ ಏಳಲಿಲ್ಲ; ಅಲ್ಲೇ ಆರಾಮವಾಗಿದೆ ಎಂದರು.

ಹಸಿರು ಬಟ್ಟೆಯ ಮೇಲೆ ಐವತ್ತು ಜನ ಯೋಗಕ್ಕೆಂದು ಮಲಗಿದರು.

"ಸ್ವಾಮಿ, ಕಾಲು ತೆಗೀರಿ, ಅದು ನನ್ನ ಮೂಗು!" ಎಂದ ಅಂಚೆಯಣ್ಣ.

ಐವತ್ತು ಜನರಿಗೆಂದು ಬರೆದ ಹಾಲಿನಲ್ಲಿ ಮೂವತ್ತಾರು ಜನರಿಗಷ್ಟೇ ಜಾಗವೆಂದು ಗೊತ್ತಾಯಿತು. ಹುಡುಗಿ ಬರೆದುಕೊಂಡಳು. ಆಮೇಲೆ ಅಕ್ಕ ಇಬ್ಬರ ಕೈಗೆ ಹಗ್ಗ ಕೊಟ್ಟು, ಕಿಟಕಿ ಶುರುವಾಗುವ ಎತ್ತರಕ್ಕೆ, ಅಂದರೆ ನೆಲದಿಂದ ಮೂರಡಿಗೆ ಹಿಡಿಸಿ, ಹಗ್ಗದ ಕೆಳಗೆಲ್ಲ ಬಟ್ಟೆ ಇಳಿಬಿಟ್ಟಳು. "ಬೆಟ್ಟ ಕಾಣುತ್ತಾ?"

"ಬರೀ ಬಟ್ಟೆ ಕಾಣ್ತಿದೆ!" ಎಂದರು ಮಲಗಿದವರು.

"ಇಳಿಸಿ. ಇನ್ನೂ ಇಳಿಸಿ." ಹಗ್ಗ ಒಂದಡಿಗೆ ಬಂದಾಗ ಮಲಗಿದವರೆಲ್ಲ ಒಟ್ಟಿಗೆ "ಹೋ!" ಎಂದರು. ಬೆಟ್ಟ ಅಡಿಯಿಂದ ತುದಿಯವರೆಗೂ ಅವರ ಎದುರಿಗಿತ್ತು. ಹುಡುಗಿ ತಾನೂ ಮಲಗಿ ನೋಡಿದಳು. "ಹಾಗಾದ್ರೆ ಮಹಡಿಯೇ ಬೇಡ ಅಕ್ಕ" ಎಂದಳು, ಮಲಗಿದ ಕಡೆಯಿಂದಲೇ.

ಅಷ್ಟರಲ್ಲಿ ವಿಶ್ರಾಂತಿ ಮನೆ ಕಟ್ಟಿಸುತ್ತಿದ್ದ ಮಾಲೀಕ ಬಂದ. ಒಪ್ಪಿದ ನಕ್ಷೆಯನ್ನು ಮೈದಾನದಲ್ಲಿ ಹಾಕಿ ತುಳಿಯುತ್ತಿದ್ದಾರೆಂದು ಯಾರೋ ಅವನ ಕಿವಿಗೆ ಊದಿದ್ದರು. ಹಿಂದಿನ ದಿನವಷ್ಟೇ ಅವನು ಸೈಕಲ್ಲಿನಲ್ಲಿ ಕಣಿವೆ ಸುತ್ತಿ ಬಂದಿದ್ದ. ಅಕ್ಕ ಕೊಳದ ಪಕ್ಕ ಇಟ್ಟಿಗೆ ಪೇರಿಸಿ ಮಾಡಿದ್ದ ಎಂಟು ಮೆಟ್ಟಿಲು ತೋರಿಸಿ, "ಮೇಲಿನಿಂದ ಒಂದ್ಸಲ ಇಳಿದು ನೋಡಿ ಸಾರ್" ಎಂದಳು. ಮೂರನೆಯದಕ್ಕೆ ಮಾಲೀಕ ಹಲ್ಲು ಕಚ್ಚಿದ. ಐದನೆಯದಕ್ಕೆ ಗೈಡಣ್ಣನ ಭುಜ ಹಿಡಿದ. ಕೆಳಗೆ ಬಂದವನೇ, "ಇದು ಯಾರ ಯೋಚನೆ? ಇಳಿಜಾರು ಮಾಡಿ, ಎರಡೂ ಕಡೆ ಹಿಡಿಕೆ ಹಾಕಿ!" ಎಂದು ತನ್ನದೇ ಯೋಚನೆಯೆಂಬಂತೆ ಗದರಿದ. ಹುಡುಗಿ ತಲೆ ತಗ್ಗಿಸಿ ಬರೆದುಕೊಂಡಳು. ಅವಳ ಭುಜ ಮಾತ್ರ ನಗೆಯಿಂದ ಕುಲುಕುತ್ತಿತ್ತು.

ಮುಂದಿನ ಬೇಸಿಗೆಗೆ ಮನೆ ಎದ್ದಿತು. ಎಲ್ಲವೂ ಒಂದೇ ನೆಲದಲ್ಲಿ. ಹಾಲಿನ ಕಿಟಕಿ ಒಂದಡಿಯಿಂದ. ಬಾಗದ ಮಂಡಿಯವರಿಗೆಂದು ಅಕ್ಕ ದಿಂಬುಗಳನ್ನು ಮೂರು ಎತ್ತರದಲ್ಲಿ ಹೊಲಿದಿದ್ದಳು. ಬಾಗಿಲು ತೆರೆದ ದಿನ ಎಲ್ಲರನ್ನೂ ಒಳಗೆ ಬಿಟ್ಟು ತಾನು ಪರದೆಯ ಅಂಚು ಪರೀಕ್ಷಿಸುತ್ತ ನಿಂತಿದ್ದಳು. ಹುಡುಗಿ ಬಂದು ಕೈ ಹಿಡಿದಳು.

"ನನಗೆ ಈಜು ಬರಲ್ಲ ಕಣೇ."

"ಈಜೋಕಲ್ಲ ಅಕ್ಕ, ಸುಮ್ಮನಿರೋಕೆ."

ಅಕ್ಕ ಹಿಡಿಕೆ ಹಿಡಿದು ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟಳು. ಬಿಸಿನೀರು ಮಂಡಿಗೆ, ಸೊಂಟಕ್ಕೆ, ಎದೆಗೆ ಬಂತು. ಆಗಲೇ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದ ಗಂಡ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವಳ ಎರಡು ಕೈಯೂ ನೀರಿನ ಮೇಲೆ ತಾವಾಗಿ ತೇಲಿದವು. ಅವುಗಳಿಗೆ ಮಾಡಲು ಏನೂ ಕೆಲಸವಿರಲಿಲ್ಲ.

ದಡದಲ್ಲಿ ಪುಸ್ತಕ ಹಿಡಿದು ಕೂತ ಹುಡುಗಿ ಕೇಳಿದಳು, "ಏನಾದ್ರೂ ಬದಲಾಯಿಸಬೇಕಾ ಅಕ್ಕ?"

"ಈಗ ಏನೂ ಕೇಳಬೇಡ ಹೋಗೇ" ಎಂದು ಅಕ್ಕ ಕಣ್ಣು ಮುಚ್ಚಿದಳು.