ಮಗಳ ಕೈಯಲ್ಲಿ ಸೈಕಲ್ಲಿನ ವಾಲ್ ಟ್ಯೂಬು

ಹೊಟ್ಟೆಕಿಚ್ಚಿನ ಬಗ್ಗೆ ಬರೆಯಲು ಕೂತ ಮೇಲೆ ಸುತ್ತಿ ಬಳಸಿ ಬರೆಯುವುದರಲ್ಲಿ ಅರ್ಥವಿಲ್ಲ. ಗಂಗಾವತಿಯ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕಿದ್ದ ಸಿಸ್ಟರ್ ಒಬ್ಬಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳು ನನಗೆ ಕೆಟ್ಟದ್ದೇನೂ ಮಾಡಿರಲಿಲ್ಲ. ನನ್ನ ಮಗಳ ಕಾಲು ಉಳಿಸಲು ನನಗಿಂತ ಹೆಚ್ಚು ಒದ್ದಾಡುತ್ತಿದ್ದಳು. ನನಗೆ ತಡೆಯಲಾಗದಿದ್ದದ್ದು ಅದೇ.

ಆಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ಹನುಮಸಾಗರದ ಹತ್ತಿರ. ಮದುವೆಯಾಗಿ ಗಂಗಾವತಿಗೆ ಬಂದು ಒಂಬತ್ತು ವರ್ಷ ಕಳೆದಿದ್ದವು. ನಮ್ಮ ಮನೆಯವರದು ಅಕ್ಕಿ ಗಿರಣಿಗಳ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಅವರದು ಮಾತು ಬಹಳ ಕಡಿಮೆ. ಊಟಕ್ಕೆ ಕೂತರೆ ಉಪ್ಪು, ನೀರು, ಸಾಕು ಎಂಬ ಮೂರು ಮಾತಿನಲ್ಲಿ ಎದ್ದು ಹೋಗುತ್ತಿದ್ದರು. ಅಂಗಡಿಯಲ್ಲಿ ಇವತ್ತು ಏನು ಕೆಲಸ ಬಂದಿತ್ತು ಎಂದು ಹೊಸದರಲ್ಲಿ ಕೇಳುತ್ತಿದ್ದೆ. ಅದನ್ನೆಲ್ಲ ತಿಳಿದು ನೀನೇನು ಮಾಡುತ್ತೀ ಎನ್ನುತ್ತಿದ್ದರು. ಕೇಳುವುದನ್ನು ಬಿಟ್ಟೆ. ಕೆಲವು ಗಂಡಸರು ಹೀಗೇ ಎಂದುಕೊಂಡರೆ ಅರ್ಧ ಸಂಸಾರ ಸಲೀಸಾಗಿ ಸಾಗುತ್ತದೆ.

ಏಳು ವರ್ಷದ ಮಗಳಿಗೆ ಆ ಚಳಿಗಾಲದಲ್ಲಿ ಮೊಣಕಾಲಿನ ಕೆಳಗೆ ಬಾವು ಬಂತು. ಮೊದಲು ಮನೆಯಲ್ಲೇ ಅರಿಶಿನ ಕಟ್ಟಿದೆವು. ಜ್ವರ ಇಳಿಯಲಿಲ್ಲ. ದವಾಖಾನೆಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಎಲುಬಿನೊಳಗೆ ಕೀವು ಆಗಿದೆ ಎಂದರು. ಕೊಯ್ದು ಕೀವು ತೆಗೆದರು. ಇನ್ನು ನಾಲ್ಕು ವಾರ, ದಿನಕ್ಕೆ ನಾಲ್ಕು ಸಲ, ರಕ್ತನಾಳದ ಮೂಲಕವೇ ಔಷಧಿ ಹೋಗಬೇಕು, ಒಂದು ಹೊತ್ತೂ ತಪ್ಪಬಾರದು, ತಪ್ಪಿದರೆ ಕಾಲಿನ ಆಸೆ ಬಿಡಬೇಕಾಗುತ್ತದೆ ಎಂದು ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡು ಹೇಳಿದರು.

ದಿನಕ್ಕೆ ನಾಲ್ಕು ಸಲ ಎಂದರೆ ದಿನಕ್ಕೆ ನಾಲ್ಕು ಸಲ ಚುಚ್ಚುವುದು. ಸಲೈನ್ ಬಾಟಲಿ ಏರಿಸಿ ಸೂಜಿಯನ್ನು ಅಲ್ಲೇ ಬಿಡೋಣವೆಂದರೆ ನಮ್ಮ ಹುಡುಗಿ ಒಂದು ಗಳಿಗೆ ಸುಮ್ಮನಿರುವವಳಲ್ಲ, ಎರಡು ಸಲ ಕಿತ್ತು ರಕ್ತ ಮಾಡಿಕೊಂಡಳು. ಒಂದು ವಾರ ಕಳೆಯುವಷ್ಟರಲ್ಲಿ ಎರಡೂ ಕೈಗಳು ಮಣಿಕಟ್ಟಿನಿಂದ ಮೇಲಿನವರೆಗೆ ನೀಲಿಗಟ್ಟಿದವು. ನಾಳಗಳು ಮುಟ್ಟಿದರೆ ಹುರಿಯ ಹಾಗೆ ಗಟ್ಟಿ. ಡಾಕ್ಟರ ಕೈಗೂ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಆ ಸಿಸ್ಟರಿನ ಕೈಗೆ ಮಾತ್ರ.

ಅವಳು ಯಲಬುರ್ಗಾ ಕಡೆಯವಳು. ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಹುಡುಗಿಯ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೇ ಬೆರಳಿನಿಂದ ಮೆಲ್ಲಗೆ ಹುಡುಕುತ್ತಿದ್ದಳು. ಹುಡುಗಿ ಅವಳ ಮುಖ ನೋಡುತ್ತ ಉಸಿರು ಬಿಗಿ ಹಿಡಿದು ಕೂರುತ್ತಿದ್ದಳು, ಅಳುತ್ತಿರಲಿಲ್ಲ. ನಾನು ಕೈ ಹಿಡಿಯಲು ಹೋದರೆ ಮಾತ್ರ ಅಳು. ಅವ್ವ ಬ್ಯಾಡ, ಸಿಸ್ಟರ್ ಹಿಡೀಲಿ ಎಂದು ನನ್ನನ್ನೇ ದೂಡುತ್ತಿದ್ದಳು. ಹೆತ್ತವಳು ಕಾಟಿನ ಕಾಲಕಡೆ ನಿಂತು ಸೆರಗಿನ ತುದಿ ಹಿಂಡಬೇಕು. ಆ ಹೊತ್ತಿಗೆ ನನಗೆ ಮಗಳ ನೋವು ಕಾಣುತ್ತಿತ್ತೋ, ಸಿಸ್ಟರಿನ ತೊಡೆ ಕಾಣುತ್ತಿತ್ತೋ, ಪ್ರಾಮಾಣಿಕವಾಗಿ ಹೇಳಲಾರೆ.

ಅವಳೇ ಒಂದು ಉಪಾಯ ತೆಗೆದಳು. ಆಗ ಹೊಸ ನಮೂನೆಯ ಸಣ್ಣ ಸೂಜಿ ಬರತೊಡಗಿತ್ತು. ಅದರ ಎರಡೂ ಕಡೆ ಪ್ಲಾಸ್ಟಿಕ್ಕಿನ ರೆಕ್ಕೆ, ಹಿಂದೆ ಗೇಣುದ್ದದ ತೆಳು ನಳಿಗೆ. ಹುಡುಗಿ ಅದನ್ನು ಪಾತರಗಿತ್ತಿ ಎನ್ನುತ್ತಿದ್ದಳು. ಔಷಧಿ ಕೊಟ್ಟಾದ ಮೇಲೆ ಸೂಜಿ ತೆಗೆಯದೆ ರೆಕ್ಕೆಗಳನ್ನು ಪಟ್ಟಿಯಿಂದ ಅಂಟಿಸಿಟ್ಟರೆ ಮುಂದಿನ ಹೊತ್ತಿಗೆ ಮತ್ತೆ ಚುಚ್ಚಬೇಕಾಗಿಲ್ಲ. ತೊಡಕು ಒಂದೇ. ನಳಿಗೆಯ ಬಾಯಿಗೆ ಬೂಚು ಹಾಕಿದರೂ ಪ್ರತಿ ಸಲ ಅದನ್ನು ಬಿಚ್ಚಿದಾಗ ರಕ್ತ ಹಿಂದಕ್ಕೆ ಬಂದು ನಳಿಗೆಯಲ್ಲೇ ಹೆಪ್ಪುಗಟ್ಟುತ್ತಿತ್ತು. ಬಾಯಿ ಬಿಚ್ಚದೆಯೇ ಔಷಧಿ ಒಳಗೆ ಹೋಗುವಂತಿದ್ದರೆ ಸಾಕಿತ್ತು ಎಂದು ಅವಳು ಒಂದು ಮಧ್ಯಾಹ್ನ ಹೇಳಿದಳು. ಬುತ್ತಿ ತಂದಿದ್ದ ನಮ್ಮ ಮನೆಯವರು ಅಲ್ಲೇ ನಿಂತಿದ್ದರು.

"ಒಳಗ ಹೋಗಬೇಕು, ಹೊಳ್ಳಿ ಬರಬಾರದು. ಇಷ್ಟ ಹೌದಲ್ರಿ?" ಎಂದರು. "ಇದು ನನ್ನ ಕೆಲಸ ಐತಿ, ತಡೀರಿ."

ಮರುದಿನ ಜೇಬಿನಲ್ಲಿ ಒಂದು ಸೈಕಲ್ ವಾಲ್ವು ತಂದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಸಿಸ್ಟರಿಗೆ ಬಿಡಿಸಿ ತೋರಿಸಿದರು. ನಾನು ಕಿಟಕಿಯ ಒಳಗಿನಿಂದ ಕೇಳಿಸಿಕೊಂಡೆ. ವಾಲ್ವಿನ ಪಕ್ಕಕ್ಕೆ ಒಂದು ಸಣ್ಣ ತೂತು ಇರುತ್ತದಂತೆ. ಅದರ ಮೇಲೆ ತೆಳ್ಳನೆಯ ರಬ್ಬರ್ ಕೊಳವೆ, ಅದೇ ವಾಲ್ ಟ್ಯೂಬು, ಬಿಗಿಯಾಗಿ ಕೂತಿರುತ್ತದಂತೆ. ಪಂಪು ಹೊಡೆದಾಗ ಗಾಳಿ ರಬ್ಬರನ್ನು ಅಗಲಿಸಿ ಒಳಗೆ ನುಗ್ಗುತ್ತದೆ, ನಿಲ್ಲಿಸಿದೊಡನೆ ರಬ್ಬರು ತೂತನ್ನು ಒತ್ತಿ ಮುಚ್ಚಿಬಿಡುತ್ತದೆ. ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಒಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ನನ್ನ ಗಂಡನ ಅಂಗಡಿಯ ಕೆಲಸ ಏನೆಂದು ನಾನು ತಿಳಿದದ್ದು ಕಿಟಕಿಯಿಂದ, ಇನ್ನೊಬ್ಬಳಿಗೆ ಹೇಳುವಾಗ.

ಹಿತ್ತಾಳೆಯ ಭಾಗ ಬೇಡ, ರಬ್ಬರು ಮಾತ್ರ ಸಾಕು ಎಂದಳು ಸಿಸ್ಟರ್. ಹೊಸ ವಾಲ್ ಟ್ಯೂಬಿನ ಒಂದಿಂಚು ತುಂಡನ್ನು ಸಿರಿಂಜುಗಳ ಜೊತೆ ಕುದಿಸಿ ನಳಿಗೆಯ ಬಾಯಿಗೆ ಏರಿಸಿದರು, ಇನ್ನೊಂದು ತುದಿಯನ್ನು ದಾರದಿಂದ ಕಟ್ಟಿದರು. ಇನ್ನು ಸಿರಿಂಜಿನ ಸೂಜಿ ಚುಚ್ಚುವುದು ರಬ್ಬರಿಗೆ, ಹುಡುಗಿಗೆ ಅಲ್ಲ. ಎರಡು ದಿನ ನಡೆಯಿತು. ಮೂರನೆಯ ದಿನ ರಬ್ಬರು ಜರಡಿಯಾಗಿ ರಕ್ತ ಒಸರಿತು. ಮತ್ತೆ ಬೆಂಚಿನ ಮೇಲೆ ಇಬ್ಬರೂ ಕೂತರು. ಇಂಜೆಕ್ಷನ್ ಬಾಟಲಿಯ ದಪ್ಪ ರಬ್ಬರ್ ಬೂಚನ್ನು ನಮ್ಮವರು ಬ್ಲೇಡಿನಿಂದ ಕಡಲೆಬೇಳೆಯಷ್ಟು ಕೆತ್ತಿ, ವಾಲ್ ಟ್ಯೂಬಿನ ತುದಿಯಲ್ಲಿ ತುರುಕಿ, ಮೇಲಿನಿಂದ ದಾರ ಸುತ್ತಿದರು. ದಪ್ಪ ರಬ್ಬರು ಎಷ್ಟು ಚುಚ್ಚಿದರೂ ತಾನೇ ಮುಚ್ಚಿಕೊಳ್ಳುತ್ತಿತ್ತು. ಪ್ರತಿ ಸಲ ಕೊನೆಗೆ ಸ್ವಲ್ಪ ಸಲೈನ್ ನೂಕಿದರೆ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಒಂದೇ ಸೂಜಿ ಐದು ದಿನ ಕೂತಿತು. ಹುಡುಗಿಯ ಇನ್ನೊಂದು ಕೈಯ ನೀಲಿ ತಿಳಿಯಾಗುತ್ತ ಬಂತು.

ತಾಯಿಯಾದವಳು ಕೈಮುಗಿಯಬೇಕಿತ್ತು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಅವಳು ಅವರನ್ನು ಅಣ್ಣಾರ ಎನ್ನುತ್ತಿದ್ದಳು, ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಸಲ್ಲದ ಸಂಬಂಧ ಏನೂ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಹಾಗೆ ಏನಾದರೂ ಇದ್ದಿದ್ದರೆ ಬಾಯಿ ತೆಗೆದು ಜಗಳವನ್ನಾದರೂ ಆಡಬಹುದಿತ್ತು. ಒಂದು ತುಂಡು ರಬ್ಬರಿನ ಮೇಲೆ ಇಬ್ಬರು ತಲೆ ಬಗ್ಗಿಸಿ ಕೂತದ್ದಕ್ಕೆ ಯಾವ ಬಾಯಲ್ಲಿ ಜಗಳ ತೆಗೆಯಲಿ? ಜೋಳದ ರೊಟ್ಟಿ ತಣ್ಣಗಾಗುತ್ತಿದೆ ಎಂದು ಕರೆದರೆ ನೀ ಉಣ್ಣು ಎನ್ನುತ್ತಿದ್ದರು.

ಇದು ಸಾಲದೆಂಬಂತೆ ಪಕ್ಕದ ಕಾಟಿನ ಮುದುಕಿ ಒಂದು ದಿನ ಸುಮ್ಮನಿರಲಾರದೆ, ಆ ಸಿಸ್ಟರ್ ನಿಮ್ಮ ಯಜಮಾನರ ಕಡೆಯವಳೇ, ಒಂದೇ ಮನೆಯವರ ಹಾಗೆ ಕಾಣುತ್ತಾರೆ ಎಂದಳು. ಹೌದೆಂದು ನನ್ನ ಮಗಳೇ ಉತ್ತರ ಕೊಟ್ಟಳು. ಕೈ ಮೇಲೆತ್ತಿ, ಇದನ್ನು ಅಪ್ಪ ಮತ್ತು ಸಿಸ್ಟರ್ ಕೂಡಿ ಮಾಡಿದ್ದಾರೆ ಎಂದು ತೋರಿಸಿದಳು. ಅವ್ವ ಏನು ಮಾಡಿದಳು ಎಂದು ಮುದುಕಿ ನಗುತ್ತ ಕೇಳಿದಳು. ಹುಡುಗಿ ಸ್ವಲ್ಪ ಯೋಚಿಸಿ, ಅವ್ವ ರೊಟ್ಟಿ ತಿನ್ನಿಸುತ್ತಾಳೆ ಎಂದಳು.

ಈ ಎಲ್ಲ ಕೆಲಸ ಡಾಕ್ಟರಿಗೆ ತಿಳಿದಿರಲಿಲ್ಲ. ಸಿಸ್ಟರ್ ರಬ್ಬರಿನ ತುದಿಯನ್ನು ಬಿಳಿ ಪಟ್ಟಿಯ ಅಡಿಯಲ್ಲಿ ಅಡಗಿಸಿಡುತ್ತಿದ್ದಳು. ಸೂಜಿ ಚೆನ್ನಾಗಿ ಕೂತಿದೆ ಎಂದು ನೋಡಿ ಡಾಕ್ಟರು ಮುಂದೆ ಹೋಗುತ್ತಿದ್ದರು. ಮುದುಕಿಯ ಮಾತಿನ ಮರುದಿನ ಬೆಳಗ್ಗೆ ಡಾಕ್ಟರು ಬಂದಾಗ ಸಿಸ್ಟರ್ ಒಳಕೋಣೆಯಲ್ಲಿದ್ದಳು. ನಾನು ಏನೂ ಅರಿಯದವಳ ಮುಖ ಮಾಡಿಕೊಂಡು ಕೇಳಿದೆ.

"ಸಾಹೇಬ್ರ, ಸೈಕಲ್ ರಬ್ಬರ್ ರಕ್ತಕ್ಕ ನಡೀತೈತೇನ್ರಿ? ನನಗ ತಿಳೀದು, ಅದಕ ಕೇಳಿದೆ."

ಡಾಕ್ಟರು ಪಟ್ಟಿ ಬಿಚ್ಚಿದರು. ಇವತ್ತು ಯೋಚಿಸಿದರೆ ಅವರದು ತಪ್ಪೆನ್ನಲಾರೆ. ಅಂಗಡಿಯ ರಬ್ಬರಿನಿಂದ ರಕ್ತಕ್ಕೆ ನಂಜು ಹತ್ತಿದರೆ ಯಾರು ಉತ್ತರ ಕೊಡುವವರು ಎಂದು ಸಿಸ್ಟರನ್ನು ಕರೆದು ಎಲ್ಲರ ಎದುರಿಗೇ ಬೈದರು. ಅವಳು ಒಮ್ಮೆ ನನ್ನ ಕಡೆ ನೋಡಿದಳು, ಮತ್ತೆ ನೆಲ ನೋಡಿದಳು. ಸೂಜಿ, ನಳಿಗೆ, ರಬ್ಬರು ಎಲ್ಲವೂ ಕಸದ ಬಕೀಟಿಗೆ ಹೋದವು. ಒಂದು ಗಳಿಗೆ, ಹೆಚ್ಚೆಂದರೆ ಎರಡು ಗಳಿಗೆ, ನನ್ನ ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನದ ಔಷಧಿಯ ಹೊತ್ತಾಯಿತು. ತಿಳಿಯಾಗಿದ್ದ ಕೈಯಲ್ಲಿ ನಾಳ ಸಿಕ್ಕಿತು, ಚುಚ್ಚಿದೊಡನೆ ಒಡೆದು ಊದಿಕೊಂಡಿತು. ಇನ್ನೊಂದು ಕೈ. ಪಾದ. ಸಿಸ್ಟರಿನ ಬೆರಳಿಗೂ ಅವತ್ತು ಸಿಗಲಿಲ್ಲ. ಡಾಕ್ಟರು ಬಂದು ತಾವೂ ಪ್ರಯತ್ನಿಸಿ, ಇನ್ನು ಕಾಯುವಂತಿಲ್ಲ ಎಂದು ಕಣಕಾಲಿನ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮ ಕೊಯ್ದು, ನಾಳವನ್ನು ಹೊರಗೆಳೆದು ಅದಕ್ಕೆ ನಳಿಗೆ ತೂರಿಸಿ ಹೊಲಿದರು. ಕಾಲು ಹಿಡಿಯಲು ನನ್ನನ್ನು ಕರೆದರು. ಕೊನೆಗೂ ಮಗಳನ್ನು ಹಿಡಿಯುವ ಕೆಲಸ ನನಗೆ ಸಿಕ್ಕಿತು. ಅವಳು ನನ್ನ ಮುಖಕ್ಕೆ ಮುಖ ಕೊಟ್ಟು ಸಿಸ್ಟರ್, ಸಿಸ್ಟರ್ ಎಂದು ಚೀರುತ್ತಿದ್ದಳು. ಆಮೇಲೆ ಒಂಬತ್ತು ದಿನ ಆ ಕಾಲನ್ನು ಹಲಗೆಗೆ ಕಟ್ಟಿ, ಬಾಟಲಿಯ ಹನಿ ಹನಿ ನೀರಿನ ಕೆಳಗೆ ಹಾಗೇ ಮಲಗಿಸಿದರು.

ಸಂಜೆ ಅಂಗಡಿಯಿಂದ ಬಂದ ನಮ್ಮವರು ಮಗಳ ಕಾಲು ನೋಡಿ ಕೆಂಡವಾದರು. ಡಾಕ್ಟರ ಕೋಣೆಯ ಕಡೆ ಹೊರಟರು. ಮೆಟ್ಟಿಲ ಹತ್ತಿರ ಸಿಸ್ಟರ್ ತಡೆದು ಏನೋ ಹೇಳಿದ್ದನ್ನು ದೂರದಿಂದ ಕಂಡೆ. ತಿರುಗಿ ಬಂದು ಮಗಳ ಪಕ್ಕ ಕೂತರು. ಡಾಕ್ಟರೇ ನೋಡಿಬಿಟ್ಟರಂತೆ ಎಂದರು. ನಾನೇ ಹೇಳಿದ್ದು ಅವಳಿಗೆ ತಿಳಿದಿಲ್ಲ, ಬದುಕಿದೆ ಎಂದುಕೊಂಡೆ.

ಕಾಲು ಉಳಿಯಿತು. ನಾವು ಮನೆಗೆ ಬಂದೆವು. ಸಿಸ್ಟರಿಗೆ ಕುಷ್ಟಗಿ ಕಡೆ ಸರ್ಕಾರಿ ಕೆಲಸ ಸಿಕ್ಕು ಹೋದಳೆಂದು ಆಮೇಲೆ ಕೇಳಿದೆವು. ಮತ್ತೆ ಅವಳನ್ನು ನೋಡಲಿಲ್ಲ.

ಮನೆಗೆ ಬಂದ ವಾರದಲ್ಲಿ ಒಂದು ಆಶ್ಚರ್ಯ ನಡೆಯಿತು. ನಮ್ಮವರು ಒಂದು ಮಧ್ಯಾಹ್ನ ಊಟಕ್ಕೆ ಬಂದವರು, ಬಾ ಅಂಗಡಿಗೆ ಹೋಗಿ ಬರೋಣ ಎಂದರು. ಗಿರಣಿ ರಸ್ತೆಯ ಜನವೆಲ್ಲ ನೋಡುತ್ತಿರುವಾಗ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಿ, ಒಂದು ವಾಲ್ವು ಬಿಡಿಸಿ ಗಾಳಿ ಹೇಗೆ ಹೋಗುತ್ತದೆ, ಹೇಗೆ ನಿಲ್ಲುತ್ತದೆ ಎಂದು ತೋರಿಸಿದರು. ಎಲ್ಲ ಗೊತ್ತಿದ್ದರೂ ಮೊದಲ ಸಲ ಕೇಳಿದವಳ ಹಾಗೆ ಕೇಳಿದೆ. ಅವತ್ತಿನಿಂದ ಮನೆಯಲ್ಲಿ ಮಾತು ಶುರುವಾಯಿತು. ಚೈನು, ಫ್ರೀವೀಲು, ಯಾವ ಹಮಾಲ ಯಾವ ಸೈಕಲ್ಲನ್ನು ಹೇಗೆ ಕೆಡಿಸಿದ, ಎಲ್ಲ. ವರ್ಷ ತುಂಬುವಷ್ಟರಲ್ಲಿ ಪಂಕ್ಚರ್ ಹಾಕಲು ಕಲಿತೆ. ಸಿಸ್ಟರಿಗೆ ಸಿಕ್ಕದ್ದು ಹತ್ತು ಹನ್ನೆರಡು ದಿನದ ಬೆಂಚು, ನನಗೆ ಸಿಕ್ಕದ್ದು ಇಡೀ ಅಂಗಡಿ ಎಂದು ಒಳಗೇ ಬೀಗಿದೆ. ಮಗಳ ಕಣಕಾಲಿನ ಕಲೆ ಕಂಡಾಗೆಲ್ಲ ಚುಚ್ಚುತ್ತಿತ್ತು. ಆದರೂ ಗೆದ್ದವಳು ನಾನು ಎಂಬ ಸಮಾಧಾನ ಒಂದಿತ್ತು.

ಏಳು ವರ್ಷದ ಮೇಲೆ, ನಾದಿನಿಯ ಮನೆಗೆಂದು ಕೊಪ್ಪಳಕ್ಕೆ ಹೋದಾಗ ನಮ್ಮವರಿಗೆ ಜ್ವರ ಏರಿ ದವಾಖಾನೆ ಸೇರಿಸಬೇಕಾಯಿತು. ಅಷ್ಟರಲ್ಲಿ ಹೊಸ ಸಾಮಾನು ಬಂದಿದ್ದವು. ಚುಚ್ಚಿದ ಮೇಲೆ ಸೂಜಿ ಹೊರಗೆ ಬಂದು ಮೆತ್ತಗಿನ ಪ್ಲಾಸ್ಟಿಕ್ ಕೊಳವೆ ಮಾತ್ರ ನಾಳದಲ್ಲಿ ಉಳಿಯುತ್ತಿತ್ತು. ಅದರ ಬೆನ್ನ ಮೇಲೆ ಔಷಧಿ ಹಾಕಲು ಒಂದು ಪುಟ್ಟ ಬಾಯಿ, ಬಾಯಿಗೊಂದು ಮುಚ್ಚಳ. ನಮ್ಮವರು ಜ್ವರದಲ್ಲೂ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಪ್ಲಾಸ್ಟಿಕ್ಕಿನ ಒಳಗೆ, ಆ ಬಾಯಿಯ ತೂತಿನ ಮೇಲೆ ಒಂದು ತೆಳು ರಬ್ಬರಿನ ತೋಳು ಕೂತಿತ್ತು. ಔಷಧಿ ನೂಕಿದರೆ ಅಗಲುತ್ತದೆ, ಬಿಟ್ಟರೆ ಮುಚ್ಚುತ್ತದೆ. ಅವರು ನಕ್ಕರು.

"ವಾಲ್ ಟ್ಯೂಬ್ ಇದು," ಎಂದರು. "ಆಕಿ ನೋಡಬೇಕಿತ್ತು."

ಆಕಿ. ಏಳು ವರ್ಷದ ಮೇಲೂ ಹೆಸರು ಬೇಕಾಗಿರಲಿಲ್ಲ. ಹಳೆಯ ಕಿಚ್ಚು ಮರಳಿ ಬಂತು, ಅದರ ಹಿಂದೆಯೇ ಹಳೆಯ ಪಾಪವೂ ಬಂತು. ಅವತ್ತು ಡಾಕ್ಟರಿಗೆ ಹೇಳಿದವಳು ನಾನೇ ಎಂದುಬಿಟ್ಟೆ. ಅವರು ಕೈ ಕೆಳಗಿಳಿಸಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ಗೊತ್ತೈತಿ," ಎಂದರು.

ಮೆಟ್ಟಿಲ ಹತ್ತಿರ ತಡೆದಾಗಲೇ ಸಿಸ್ಟರ್ ಹೇಳಿದ್ದಳಂತೆ. ಡಾಕ್ಟರ ತಪ್ಪಲ್ಲ, ಅಕ್ಕಾರ ಕೇಳಿದ್ದಾರೆ, ಅವರಿಗೆ ಒಂದು ಮಾತೂ ಅನ್ನಬೇಡಿ ಎಂದಿದ್ದಳಂತೆ. ಇನ್ನೇನು ಹೇಳಿದಳು ಎಂದು ನಾನೇ ಒತ್ತಾಯಿಸಿದೆ. ಕೇಳಬಾರದಿತ್ತು.

"'ನನ್ನ ಕೂಡ ಮಾತಾಡಿದ್ದರಾಗ ಅರ್ಧನಾದ್ರೂ ಅವರ ಕೂಡ ಮಾತಾಡ್ರಿ ಅಣ್ಣಾರ. ಒಂದಿನ ಅಂಗಡಿಗೆ ಕರಕೊಂಡು ಹೋಗಿ ಎಲ್ಲಾ ತೋರಸ್ರಿ' ಅಂದ್ಲು. ಅದಕ ಕರಕೊಂಡು ಹೋಗಿದ್ದೆ."

ಅವರು ಕಣ್ಣು ಮುಚ್ಚಿ ಮಲಗಿದರು. ಪಕ್ಕದಲ್ಲಿ ಕೂತು ಅವರ ಹಣೆ ಒರೆಸುತ್ತಿದ್ದೆ. ಆ ಹೆಂಗಸಿನ ಮೇಲೆ ಅವತ್ತು ಆದಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆ ಎಂದೂ ಆಗಿರಲಿಲ್ಲ.