ಹೊಗೆ ಮೇಲೆ ಹೋಗದ ಬೆಳಿಗ್ಗೆ

ಮಲಾಡ್‌ನಲ್ಲಿ ನಾನು ವಾಚ್‌ಮನ್ ಆಗಿರುವ ಬಿಲ್ಡಿಂಗಿನ ಟೆರೇಸ್ ಮೇಲೆ ಕಾಲೇಜಿನ ಸಾಹೇಬರೊಬ್ಬರು ಗಾಳಿ ಅಳೆಯುವ ದೊಡ್ಡ ಮಶೀನು ಇಟ್ಟರು. ಚಳಿಗಾಲವೆಲ್ಲ ಕಾದು, ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ಕಾಕಾ, ನೆಲದ ಹತ್ತಿರದ ತಣ್ಣನೆ ಗಾಳಿ ಸಮುದ್ರದ ಹಾಗೆ ಅಲೆ ಅಲೆಯಾಗಿ ಹೋಗ್ತದೆ, ಗೊತ್ತಾ?"

"ಗೊತ್ತದರಿ. ಕಸ ಸುಟ್ಟ ಹೊಗಿ ಮ್ಯಾಲ ಹೋಗೂದಿಲ್ಲ, ಏಳತದ, ಬೀಳತದ. ಅಂಥಾ ದಿನ ಬಿಸಲೇರೂ ತನಕಾ ನನ್ನ ಹೆಂಡತಿ ಅರಿವಿ ಒಣಹಾಕ್ತಿರಲಿಲ್ಲ."

"ಶಾಭಾಷ್! ಯಾವ ಕಾಲೇಜು ಅವರದು?"

"ಅರಿವಿ ಒಣಹಾಕೂ ಹಗ್ಗದ್ದು."

"ಕರೀರಿ, ಮಾತಾಡೋಣ."

"ಹೋದ ಚಳಿಗಾಲದಾಗ ತೀರಿಕೊಂಡಳ್ರಿ."

ಸಾಹೇಬರು ಮಶೀನಿನ ಧೂಳು ಒರೆಸತೊಡಗಿದರು.

ಚಿತೆಯ ಹೊಗೆಯೂ ಅವತ್ತು ಹಾಗೇ ಏಳುತ್ತ, ಬೀಳುತ್ತ ನನ್ನ ಅಂಗಿಗೇ ಬಂತು. ಬಿಸಿಲೇರಲಿ ತಡೀರಿ ಎನ್ನುವವಳೇ ಚಿತೆಯ ಮೇಲಿದ್ದಳು. ಆ ಅಂಗಿ ಇನ್ನೂ ಒಗೆದಿಲ್ಲ. ಬೇಕಾದರೆ ಸಾಹೇಬರು ಅದನ್ನೂ ಅಳೆದುಕೊಳ್ಳಲಿ.